ರಂಗನತಿಟ್ಟಿಗೆ ತೂಗುಸೇತುವೆ ಬೇಕಾ? ಕಾವೇರಿಯ ನಡುಗಡ್ಡೆಗಳ ಬಗ್ಗೆ ಒಂದು ಚರ್ಚೆ

ಹೊಸಹಾದಿ ಬರೆದಿದ್ದಾರೆ:

ಎಲ್ಲರಿಗೂ ನಮಸ್ಕಾರ. ಕಾವೇರಿಯ ನಡುಗಡ್ಡೆಗಳ ಬಗ್ಗೆ ತಿಳಿದವರಿಗೆ ಎರಡು ಪ್ರಶ್ನೆ.

ಕುಶಾಲನಗರದ ನಿಸರ್ಗಧಾಮಕ್ಕೂ ಶ್ರೀರಂಗಪಟ್ಟಣದ ಹತ್ತಿರದ ರಂಗನತಿಟ್ಟಿಗೂ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು. ನಿಸರ್ಗಧಾಮದಲ್ಲಿ ಮಕ್ಕಳನ್ನು ಹಿಡಿಯೋಕೇ ಆಗಲಿಲ್ಲ. ತೂಗುಸೇತುವೆ, ಬಿದಿರು ಮೆಳೆ, ಜಿಂಕೆ, ಓಡಾಡೋಕೆ ಬೇಕಾದಷ್ಟು ಜಾಗ. ರಂಗನತಿಟ್ಟಿನಲ್ಲಿ ಹಾಗಲ್ಲ. ದೋಣಿಯಲ್ಲಿ ಒಂದು ಸುತ್ತು ಹಾಕಿಸಿ ದಡಕ್ಕೆ ಬಿಟ್ಟರು. "ಅಷ್ಟೇನಾ?" ಅಂತ ಚಿಕ್ಕವನು ಕೇಳಿದ. ಅಲ್ಲೂ ಒಂದು ತಿಟ್ಟಿಗೆ ತೂಗುಸೇತುವೆ ಹಾಕಿ, ಮರಗಳ ನಡುವೆ ಕಾಲುದಾರಿ ಮಾಡಿದರೆ ಎಷ್ಟು ಚೆನ್ನಾಗಿರುತ್ತದೆ ಅಲ್ವಾ? ಇದೊಂದು ಪ್ರಶ್ನೆ.

ಇನ್ನೊಂದು, ಈ ತಿಟ್ಟುಗಳು ಆಗಿದ್ದು ಹೇಗೆ? ದೋಣಿ ನಡೆಸುವವರು "ರಾಜರು ಮಾಡಿದ್ದು" ಅಂದರು. ನದಿಯೊಳಗೆ ರಾಜರು ದ್ವೀಪ ಮಾಡುವುದು ಅಂದರೆ ನನಗೆ ಅರ್ಥವಾಗಲಿಲ್ಲ.

---

ನಾಲೆಏರಿ ಬರೆದಿದ್ದಾರೆ:

ಎರಡನೆಯ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಬಹಳ ವರ್ಷ ನೀರಾವರಿ ಕೆಲಸದಲ್ಲಿದ್ದವನು ನಾನು. ಈ ವಿಷಯ ಬಂದರೆ ಸುಮ್ಮನಿರಲು ಆಗುವುದಿಲ್ಲ.

ದೋಣಿಯವರು ಹೇಳಿದ್ದು ಸರಿ. ಮೈಸೂರಿನ ದೊರೆ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ, 1645ರಿಂದ 1648ರ ನಡುವೆ, ಅಲ್ಲಿ ಕಾವೇರಿಗೆ ಅಡ್ಡಲಾಗಿ ಒಂದು ಕಟ್ಟೆ ಕಟ್ಟಿದರು. ಈಗಿನ ಅಣೆಕಟ್ಟೆಯ ಹಾಗೆ ಎತ್ತರದ ಗೋಡೆಯನ್ನು ಕಲ್ಪಿಸಿಕೊಳ್ಳಬೇಡಿ. ಇವು ತಗ್ಗಾದ ಕಲ್ಲಿನ ಕಟ್ಟೆಗಳು. ಹೊಳೆಯನ್ನು ಪೂರ್ತಿ ತಡೆಯುವುದು ಇವುಗಳ ಉದ್ದೇಶವೇ ಅಲ್ಲ. ನೀರಿನ ಮಟ್ಟವನ್ನು ಸ್ವಲ್ಪ ಎತ್ತಿ ಪಕ್ಕದ ನಾಲೆಗೆ ತಿರುಗಿಸುತ್ತವೆ. ಹೆಚ್ಚಾದ ನೀರು ಕಟ್ಟೆಯ ಮೇಲೆಯೇ ಹರಿದು ಮುಂದೆ ಹೋಗುತ್ತದೆ. ಶ್ರೀರಂಗಪಟ್ಟಣದ ಸುತ್ತಮುತ್ತ ಇಂಥ ಹಳೆಯ ಅಣೆಗಳೂ ನಾಲೆಗಳೂ ಹಲವಾರಿವೆ. ವಿರಿಜಾ ನಾಲೆ, ಚಿಕ್ಕದೇವರಾಯ ನಾಲೆ, ಬಂಗಾರದೊಡ್ಡಿ ನಾಲೆಗಳ ಹೆಸರು ಆ ಕಡೆಯ ರೈತರಿಗೆಲ್ಲ ಗೊತ್ತು. ಇಂದಿಗೂ ಅವು ಗದ್ದೆಗೆ ನೀರು ಕೊಡುತ್ತಿವೆ.

ಕಟ್ಟೆ ಕಟ್ಟಿದಾಗ ಏನಾಯಿತು ನೋಡಿ. ಆ ಜಾಗದಲ್ಲಿ ನದಿ ಪಾತ್ರ ಅಗಲ, ತುಂಬಾ ಬಂಡೆ. ಮೊದಲು ಬೇಸಿಗೆಯಲ್ಲಿ ದಡದಿಂದ ನಡೆದೇ ಹೋಗಬಹುದಾಗಿದ್ದ ದಿಣ್ಣೆಗಳ ಸುತ್ತ ಈಗ ವರ್ಷವಿಡೀ ನೀರು ನಿಂತಿತು. ಬಂಡೆಗಳ ಸಂದಿಯಲ್ಲಿ ಹೂಳು ಕೂತಿತು. ಹೂಳಿನಲ್ಲಿ ಹೊಳೆಮತ್ತಿ, ಬಿದಿರು, ಕೇದಗೆ ಬೆಳೆದವು. ಯಾರೂ ದ್ವೀಪ ಮಾಡೋಣ ಎಂದು ಹೊರಟಿರಲಿಲ್ಲ. ಗದ್ದೆಗೆ ನೀರು ಬೇಕಾಗಿತ್ತು, ಜೊತೆಗೆ ಇದೂ ಆಯಿತು. ಆಗ ಕಟ್ಟಿಸಿದವರಿಗೆ ಇದು ಮುಂದೆ ಪಕ್ಷಿಧಾಮವಾಗುತ್ತದೆ ಅನ್ನುವ ಯೋಚನೆಯೂ ಬಂದಿರಲಾರದು.

ಸೇತುವೆ ವಿಷಯಕ್ಕೆ ಆಮೇಲೆ ಬರುತ್ತೇನೆ. ಅದರ ಬಗ್ಗೆ ಹೇಳುವುದು ಇದೆ.

---

ಹಕ್ಕಿಗಣ್ಣು ಬರೆದಿದ್ದಾರೆ:

ಹೊಸಹಾದಿ ಮೇಡಂ, ನಿಮ್ಮ ಮಗನ ಪ್ರಶ್ನೆ ನ್ಯಾಯವಾದದ್ದೇ. ಅಲ್ಲಿ ಏನು ನಡೆಯುತ್ತಿದೆ ಅಂತ ಯಾರೂ ಅವನಿಗೆ ಹೇಳದಿದ್ದರೆ ದೋಣಿ ಸುತ್ತು ಬೇಗ ಮುಗಿದ ಹಾಗೇ ಅನ್ನಿಸುತ್ತದೆ.

ಆ ತಿಟ್ಟುಗಳ ಮೇಲೆ ಮನುಷ್ಯರು ಕಾಲಿಡದೇ ಇರುವುದರಿಂದಲೇ ಅಲ್ಲಿ ಹಕ್ಕಿ ಇವೆ. ಬಣ್ಣದ ಕೊಕ್ಕರೆ, ಬಾಯ್ಕಳಕ, ಚಮಚದ ಕೊಕ್ಕಿನ ಹಕ್ಕಿ, ಕೆಂಬರಲು, ಹೆಜ್ಜಾರ್ಲೆ, ಹಾವಕ್ಕಿ, ನೀರುಕಾಗೆ, ಇರುಳು ಬಕ ಇವೆಲ್ಲ ಗುಂಪಾಗಿ ಗೂಡು ಕಟ್ಟುವ ಹಕ್ಕಿಗಳು. ಒಂದೇ ಮರದಲ್ಲಿ ಹತ್ತಾರು ಗೂಡು. ಹೀಗೆ ಒಂದೇ ಕಡೆ ಮೊಟ್ಟೆ, ಮರಿ ಇಟ್ಟುಕೊಂಡರೆ ಕಾಡುಬೆಕ್ಕು, ನರಿ, ನಾಯಿ ಎಲ್ಲಕ್ಕೂ ಹಬ್ಬ. ಸುತ್ತ ನೀರಿದ್ದರೆ ಆ ಭಯ ಕಡಿಮೆ. ಆ ನೀರಿನಲ್ಲಿ ಮೊಸಳೆಯೂ ಇದ್ದರೆ ಕಾವಲು ಇನ್ನೂ ಗಟ್ಟಿ. ರಂಗನತಿಟ್ಟಿನ ಬಂಡೆ ಮೇಲೆ ಬಾಯಿ ತೆರೆದು ಮಲಗಿರುವ ಮೊಸಳೆಗಳು ಹಕ್ಕಿಗಳಿಗೆ ಒಂದು ರೀತಿಯಲ್ಲಿ ಉಪಕಾರವನ್ನೇ ಮಾಡುತ್ತಿವೆ.

ಇನ್ನು ಊಟ. ಸುತ್ತ ನಾಲೆ ನೀರಿನ ಗದ್ದೆಗಳು. ಅಲ್ಲಿ ಬಸವನಹುಳು, ಕಪ್ಪೆ, ಏಡಿ, ಮೀನು. ಬಾಯ್ಕಳಕದ ಕೊಕ್ಕನ್ನು ಹತ್ತಿರದಿಂದ ನೋಡಿ. ಮುಚ್ಚಿದಾಗಲೂ ನಡುವೆ ಒಂದು ಸಂದಿ ಉಳಿಯುತ್ತದೆ. ಬಸವನಹುಳುವನ್ನು ಹಿಡಿದು ಚಿಪ್ಪಿನಿಂದ ಬಿಡಿಸಿಕೊಳ್ಳಲು ಹೊಂದಿಕೊಂಡ ಕೊಕ್ಕು ಅದು. ಚಮಚದ ಕೊಕ್ಕಿನ ಹಕ್ಕಿ ತೆಳು ನೀರಿನಲ್ಲಿ ಕೊಕ್ಕನ್ನು ಎಡಕ್ಕೆ ಬಲಕ್ಕೆ ಬೀಸುತ್ತಾ ನಡೆಯುತ್ತದೆ. ಇವನ್ನು ಮೊದಲೇ ಹೇಳಿ ಕರೆದುಕೊಂಡು ಹೋದರೆ ಮಕ್ಕಳು ದೋಣಿಯಿಂದ ಇಳಿಯೋಕೇ ಒಪ್ಪುವುದಿಲ್ಲ.

ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದಾಗ ಈ ತಿಟ್ಟುಗಳ ಬೆಲೆ ಗುರುತಿಸಿದರು. ಇದನ್ನು ಕಾಪಾಡಬೇಕು ಎಂದು ಒಡೆಯರಿಗೆ ಒತ್ತಿ ಹೇಳಿದರು. 1940ರಲ್ಲೇ ಇದು ಪಕ್ಷಿಧಾಮವಾಯಿತು. ಸ್ವಾತಂತ್ರ್ಯಕ್ಕಿಂತ ಮೊದಲು! ವನ್ಯಜೀವಿ ಕಾಯ್ದೆ ಬಂದದ್ದೇ 1972ರಲ್ಲಿ. ಅದಕ್ಕೂ ಮೂರು ದಶಕ ಮುಂಚೆ ನಮ್ಮಲ್ಲಿ ಒಂದು ಪುಟ್ಟ ಜಾಗವನ್ನು ಹಕ್ಕಿಗಳಿಗಾಗಿ ಎತ್ತಿಟ್ಟರು. ನೆನೆದರೆ ನನಗೆ ಈಗಲೂ ಹೆಮ್ಮೆ ಅನ್ನಿಸುತ್ತದೆ. ತಿಟ್ಟುಗಳಿರುವ ಜಾಗ ಒಂದು ಚದರ ಕಿಲೋಮೀಟರೂ ಇಲ್ಲ, ಸುಮಾರು 0.67 ಅಷ್ಟೇ. 2022ರಲ್ಲಿ ರಾಮ್ಸಾರ್ ತಾಣ, ಅಂದರೆ ಜಾಗತಿಕ ಮಹತ್ವದ ಜೌಗುಪ್ರದೇಶ, ಎಂಬ ಮಾನ್ಯತೆ ಸಿಕ್ಕಿತು. ಕರ್ನಾಟಕಕ್ಕೆ ಅದೇ ಮೊದಲನೆಯದು. ಅದರ ವ್ಯಾಪ್ತಿಯಲ್ಲಿ ನದಿಯೂ ಸೇರಿ ಸುಮಾರು 518 ಹೆಕ್ಟೇರ್ ಇದೆ.

ಆ ಸಣ್ಣ ತಿಟ್ಟಿಗೆ ತೂಗುಸೇತುವೆ ಹಾಕಿದ ದಿನ ನಾವು ಹೋಗುವ ದಾರಿಯಲ್ಲೇ ಬೆಕ್ಕು ನಾಯಿಗಳೂ ಹೋಗುತ್ತವೆ. ದಯವಿಟ್ಟು ಬೇಡ.

---

ಹೊಸಹಾದಿ ಬರೆದಿದ್ದಾರೆ:

ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಧನ್ಯವಾದ. ಕೊಕ್ಕಿನ ವಿಷಯ ಮಗನಿಗೆ ಓದಿ ಹೇಳಿದೆ. ಮತ್ತೆ ಯಾವಾಗ ಹೋಗೋದು ಅಂತ ಈಗಲೇ ಶುರುವಾಗಿದೆ.

ಆದರೆ ಒಂದು ಸಂದೇಹ. ನಿಸರ್ಗಧಾಮವೂ ಕಾವೇರಿಯ ನಡುಗಡ್ಡೆಯೇ ಅಲ್ವಾ? ಅಲ್ಲಿ ಸೇತುವೆ ಹಾಕಿ ಜನರನ್ನು ಬಿಟ್ಟಿದ್ದಾರೆ. ಅಲ್ಲಿ ಸರಿ, ಇಲ್ಲಿ ತಪ್ಪು ಹೇಗೆ?

---

ಹಾರಂಗಿ ಕಡೆಯವ ಬರೆದಿದ್ದಾರೆ:

ನಾನು ಕುಶಾಲನಗರದವನು. ನಿಸರ್ಗಧಾಮದ ವಿಷಯ ನಾನು ಹೇಳ್ತೇನೆ.

ಅದು ಸುಮಾರು 64 ಎಕರೆಯ ನಡುಗಡ್ಡೆ. ಊರಿನಿಂದ ಮಡಿಕೇರಿ ರಸ್ತೆಯಲ್ಲಿ ಎರಡು ಮೂರು ಕಿಲೋಮೀಟರ್. 1980ರ ದಶಕದ ಕೊನೆಯಲ್ಲಿ ಅರಣ್ಯ ಇಲಾಖೆಯವರು ಅದನ್ನು ಜನ ಬಂದು ಕೂರುವ, ಓಡಾಡುವ ಜಾಗವಾಗಿಯೇ ರೂಪಿಸಿದರು. ಬಿದಿರು, ತೇಗ, ಗಂಧದ ಮರಗಳಿವೆ. ರಂಗನತಿಟ್ಟಿನ ಹಾಗೆ ಸಾವಿರಾರು ನೀರಹಕ್ಕಿಗಳು ಗೂಡು ಕಟ್ಟುವ ಜಾಗ ಅದಲ್ಲ. ಅಂದರೆ ಅಲ್ಲಿ ಹಕ್ಕಿಯೇ ಇಲ್ಲ ಅಂತಲ್ಲ. ಬೆಳಗ್ಗೆ ಗೇಟು ತೆಗೆಯುವ ಹೊತ್ತಿಗೆ ಹೋಗಿ ಬಿದಿರ ಮೆಳೆ ಹತ್ತಿರ ಸುಮ್ನೆ ನಿಲ್ಲಿ, ಎಷ್ಟೊಂದು ದನಿ ಕೇಳುತ್ತದೆ ನೋಡಿ. ಹತ್ತು ಗಂಟೆ ಮೇಲೆ ಬಸ್ಸುಗಳು ಬಂದರೆ ಏನೂ ಕೇಳಿಸುವುದಿಲ್ಲ.

ಇನ್ನೊಂದು ವ್ಯತ್ಯಾಸ ನೀರಿನದು. ಇದನ್ನು ಹೊರಗಿನವರು ಗಮನಿಸುವುದಿಲ್ಲ. ಹಾರಂಗಿ ಜಲಾಶಯ ಹತ್ತಿರ ಇದೆ ಅಂತ ನಿಸರ್ಗಧಾಮದ ನೀರು ಅಲ್ಲಿಂದ ಬರುತ್ತದೆ ಎಂದು ಹಲವರು ಅಂದುಕೊಂಡಿದ್ದಾರೆ. ಹಾರಂಗಿ ಬೇರೆ ಹೊಳೆ. ಅದು ಕಾವೇರಿಗೆ ಸೇರುವುದು ಕೂಡಿಗೆಯಲ್ಲಿ, ಅಂದರೆ ನಿಸರ್ಗಧಾಮ ದಾಟಿದ ಮೇಲೆ. ನಿಸರ್ಗಧಾಮದ ಮೇಲ್ಗಡೆ ಕಾವೇರಿಗೆ ದೊಡ್ಡ ಅಣೆಕಟ್ಟೆ ಯಾವುದೂ ಇಲ್ಲ. ಭಾಗಮಂಡಲ, ನಾಪೋಕ್ಲು ಕಡೆ ಮಳೆ ಸುರಿದರೆ ಆ ನೀರು ನೇರವಾಗಿ ನಮ್ಮ ಕಡೆ ಬರುತ್ತದೆ. ಗೇಟು ಇಳಿಸಿ ತಡೆಯುವವರು ಯಾರೂ ಇಲ್ಲ. 2018ರ ಆಗಸ್ಟ್, 2019ರ ಆಗಸ್ಟ್ ಎರಡೂ ನಮಗೆ ಮರೆಯದ ತಿಂಗಳುಗಳು. ಆಗ ಊರಿನ ಬಡಾವಣೆಗಳಿಗೇ ನೀರು ನುಗ್ಗಿತ್ತು, ಇನ್ನು ಹೊಳೆ ನಡುವಿನ ದ್ವೀಪ ಯಾವ ಲೆಕ್ಕ.

ಅದಕ್ಕೇ ಮಳೆಗಾಲದಲ್ಲಿ ನಿಸರ್ಗಧಾಮ ನೋಡಲೆಂದೇ ಹೊರಡುವವರು ಆ ವಾರ ಕೊಡಗಿನ ಮಳೆ ಹೇಗಿದೆ ಅಂತ ವಿಚಾರಿಸಿ ಹೊರಡಿ. ಕುಶಾಲನಗರದಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ಮಳೆ ಬೀಳುವುದು ಇಲ್ಲಲ್ಲ, ಮೇಲೆ ಬೆಟ್ಟದಲ್ಲಿ.

---

ಪಟ್ಟಣದವಳು ಬರೆದಿದ್ದಾರೆ:

ಎಲ್ಲರೂ ಚಿಕ್ಕ ದ್ವೀಪಗಳನ್ನು ಮಾತಾಡುತ್ತಿದ್ದೀರಿ. ದೊಡ್ಡದನ್ನು ಮರೆತಿರಿ! ಶ್ರೀರಂಗಪಟ್ಟಣವೇ ಒಂದು ನಡುಗಡ್ಡೆ. ಹೆಚ್ಚುಕಡಿಮೆ ಐದು ಕಿಲೋಮೀಟರ್ ಉದ್ದ, ಅಗಲ ಒಂದೂವರೆ. ಕಾವೇರಿ ಪಶ್ಚಿಮದಲ್ಲಿ ಎರಡು ಕವಲಾಗಿ ಒಡೆದು ಪೂರ್ವದಲ್ಲಿ ಮತ್ತೆ ಸೇರುತ್ತಾಳೆ. ಸೇರುವ ಜಾಗವೇ ಸಂಗಮ. ಬೇರೆ ನದಿಗಳು ಬಂದು ಸೇರುತ್ತವೆ ಅಂತ ಪ್ರವಾಸಿಗರಿಗೆ ಕೆಲವರು ಹೇಳುತ್ತಾರೆ, ಹಾಗೇನಿಲ್ಲ. ಎರಡು ಕಡೆಯೂ ಅದೇ ಕಾವೇರಿ.

ಆದಿರಂಗ, ಮಧ್ಯರಂಗ, ಅಂತ್ಯರಂಗ ಕೇಳಿದ್ದೀರಲ್ಲ. ಶ್ರೀರಂಗಪಟ್ಟಣ, ಶಿವನಸಮುದ್ರ, ತಮಿಳುನಾಡಿನ ಶ್ರೀರಂಗ. ಮೂರೂ ಕಾವೇರಿಯ ನಡುಗಡ್ಡೆಗಳೇ. ರಂಗನಾಥ ಎಲ್ಲೆಲ್ಲೂ ನೀರಿನ ನಡುವೆಯೇ ಮಲಗಿದ್ದಾನೆ.

ನದಿ ದ್ವೀಪದಲ್ಲಿ ವಿಹಾರ ಅನ್ನುವುದು ಈಗಿನ ಕಾಲದ ಆಲೋಚನೆ ಅಲ್ಲ. ಕೋಟೆಯ ಹೊರಗೆ, ಹೊಳೆ ಪಕ್ಕದ ದರಿಯಾ ದೌಲತ್ ತೋಟವನ್ನೇ ನೋಡಿ. ಟಿಪ್ಪು 1784ರಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಅದು. ಹೆಚ್ಚಾಗಿ ತೇಗದ ಮರ. ಸುತ್ತ ಉದ್ಯಾನ. ಗೋಡೆ ಮೇಲೆ 1780ರ ಪೊಳ್ಳಿಲೂರು ಯುದ್ಧದ ದೊಡ್ಡ ಚಿತ್ರವಿದೆ. ಹೈದರ್ ಮತ್ತು ಟಿಪ್ಪು ಸೇನೆ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಯ್ಲಿಯ ತುಕಡಿಯನ್ನು ಸೋಲಿಸಿದ ಯುದ್ಧ. 1799ರ ಮೇ 4ರಂದು ಪಟ್ಟಣ ಬಿದ್ದ ಮೇಲೆ ಆರ್ಥರ್ ವೆಲ್ಲೆಸ್ಲಿ ಕೆಲಕಾಲ ಇದೇ ಅರಮನೆಯಲ್ಲಿ ಇದ್ದ. ದ್ವೀಪದ ಪೂರ್ವ ತುದಿಯ ಕಡೆ, ಗಂಜಾಂನಲ್ಲಿ, ಗುಂಬಜ್ ಇರುವ ಲಾಲ್‌ಬಾಗ್ ಇನ್ನೊಂದು ತೋಟ. ಎರಡೂ ಕಡೆ ಹುಲ್ಲಿನ ಮೇಲೆ ಕೂತು ಕಾಲ ಕಳೆಯುವ ಕುಟುಂಬಗಳನ್ನು ಭಾನುವಾರ ನೋಡಬೇಕು. ಹೊಸಹಾದಿ ಅವರೇ, ಮಕ್ಕಳಿಗೆ ಓಡಾಡಲು ಜಾಗ ಬೇಕಿದ್ದರೆ ರಂಗನತಿಟ್ಟಿಗೆ ಸೇತುವೆ ಕೇಳಬೇಡಿ. ಹಕ್ಕಿ ನೋಡಿಕೊಂಡು ಇಲ್ಲಿಗೆ ಬನ್ನಿ, ಹತ್ತಿರವೇ ಇದೆ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಸಂಗಮ, ಗೋಸಾಯಿ ಘಾಟ್, ಬಲಮುರಿ, ಎಡಮುರಿ, ಎಲ್ಲೇ ಆಗಲಿ, ಈಜು ಬರುತ್ತದೆ ಅನ್ನುವ ಧೈರ್ಯದಲ್ಲಿ ಹೊಳೆಗೆ ಇಳಿಯಬೇಡಿ. ಮೇಲಿನಿಂದ ಮಂಡಿಯುದ್ದ ನೀರು ಕಾಣುತ್ತದೆ. ಒಂದು ಹೆಜ್ಜೆ ಮುಂದೆ ಮಡು. ಬಂಡೆಗೆ ಪಾಚಿ ಹಿಡಿದಿರುತ್ತದೆ. ಬಂಡೆ ಸಂದಿಯಲ್ಲಿ ಸೆಳೆತ. ನಮ್ಮ ಬೀದಿಯವರು ಬೇರೆ ಊರಿನ ಮಕ್ಕಳ ಹೆಣ ಹುಡುಕಲು ಹೊಳೆಗೆ ಇಳಿದಿದ್ದನ್ನು ನಾನು ಕಂಡಿದ್ದೇನೆ. ಆ ತಾಯಂದಿರ ಅಳು ಕೇಳಿದವರು ಯಾರೂ ಹೊಳೆಯಲ್ಲಿ ರೀಲ್ಸ್ ಮಾಡಲು ನಿಲ್ಲುವುದಿಲ್ಲ.

---

ದುಡಿಮೆ ಬರೆದಿದ್ದಾರೆ:

ಎಲ್ಲ ಓದಿದೆ. ನನ್ನದು ಸ್ವಲ್ಪ ಬೇರೆ ಮಾತು, ಬೇಸರ ಮಾಡಿಕೊಳ್ಳಬೇಡಿ.

ಹಕ್ಕಿಗೆ ತೊಂದರೆ ಆಗಬಾರದು, ಒಪ್ಪಿದೆ. ಆದರೆ "ದೂರ ನಿಲ್ಲಿ, ಸದ್ದು ಮಾಡಬೇಡಿ, ಮುಟ್ಟಬೇಡಿ" ಇಷ್ಟನ್ನೇ ಹೇಳುತ್ತಿದ್ದರೆ ಜನಸಾಮಾನ್ಯರಿಗೆ ಆ ಜಾಗ ತಮ್ಮದು ಅನ್ನಿಸುವುದು ಹೇಗೆ? ನಮ್ಮ ತಂದೆಗೆ ಮಂಡಿನೋವು. ನದಿ ದಡದ ಇಂಥದ್ದೇ ಒಂದು ಉದ್ಯಾನಕ್ಕೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ದೋಣಿಗೆ ಇಳಿಯುವ ಮೆಟ್ಟಿಲಿಗೆ ಹಿಡಿಗಂಬಿ ಇಲ್ಲ. ಕೂರಲು ನೆರಳಲ್ಲಿ ಬೆಂಚಿಲ್ಲ. ಅಪ್ಪ ಕಾರಿನಲ್ಲೇ ಕೂತಿದ್ದರು. ಕ್ಯಾಮೆರಾ ಹಿಡಿದವರಿಗೆ ಬೇರೆ ದೋಣಿ ಇರುತ್ತದೆ. ವಯಸ್ಸಾದವರಿಗೆ ಏನಿದೆ?

ಜೊತೆಗೆ ಸುತ್ತಲ ಊರಿನವರ ಹೊಟ್ಟೆಪಾಡೂ ಇದೆ. ದೋಣಿ ನಡೆಸುವವರು, ಎಳನೀರು ಮಾರುವವರು, ಆಟೋದವರು. ಜನ ಬಂದರೆ ತಾನೇ ಅವರಿಗೆ ನಾಲ್ಕು ಕಾಸು. ಮೋಜು ಅನ್ನುವುದನ್ನು ಬೈಗುಳದ ಹಾಗೆ ಬಳಸಬೇಡಿ. ವಾರವಿಡೀ ದುಡಿದವನು ಭಾನುವಾರ ಮಕ್ಕಳ ಜೊತೆ ನಗಬೇಕು ಅಂದುಕೊಂಡು ಹೊಳೆ ದಡಕ್ಕೆ ಬರುತ್ತಾನೆ.

---

ಹಕ್ಕಿಗಣ್ಣು ಬರೆದಿದ್ದಾರೆ:

ದುಡಿಮೆ ಅಣ್ಣ, ನಿಮ್ಮ ಮಾತು ಮನಸ್ಸಿಗೆ ತಟ್ಟಿತು. ತಂದೆಯವರು ಕಾರಿನಲ್ಲೇ ಕೂತಿದ್ದು ಖಂಡಿತ ಸರಿಯಲ್ಲ. ಹಿಡಿಗಂಬಿ, ಇಳಿಜಾರು ದಾರಿ, ಗಾಲಿಕುರ್ಚಿ ಹೋಗುವಷ್ಟು ಅಗಲದ ಹಾದಿ, ನೆರಳಲ್ಲಿ ಬೆಂಚು, ಚೊಕ್ಕ ಶೌಚಾಲಯ, ಇವೆಲ್ಲ ಬೇಕೇ ಬೇಕು. ಆದರೆ ಇವೆಲ್ಲವನ್ನೂ ದಡದಲ್ಲಿ ಮಾಡಬಹುದು. ತಿಟ್ಟಿನ ಮೇಲೆ ಕೈ ಇಡಬೇಕಾಗಿಲ್ಲ. ದಡದಿಂದಲೇ ಮರಗಳ ಮೇಲಿನ ಗೂಡುಗಳು ಕಾಣುತ್ತವೆ. ಅಲ್ಲೊಂದು ಒಳ್ಳೆಯ ದುರ್ಬೀನು ಗಟ್ಟಿಯಾಗಿ ನೆಟ್ಟು, ಪಕ್ಕದಲ್ಲಿ ತಿಳಿದವರೊಬ್ಬರನ್ನು ನಿಲ್ಲಿಸಿದರೆ ನಿಮ್ಮ ತಂದೆಯವರು ದೋಣಿ ಹತ್ತದೆಯೇ ಮರಿಗೆ ಉಣಿಸುವ ಕೊಕ್ಕರೆಯನ್ನು ನೋಡಬಹುದು.

ಜನರೂ ಹಕ್ಕಿಗಳೂ ಜೊತೆಗೆ ಇರಲಾರರು ಅಂತ ನಾನು ಹೇಳುತ್ತಿಲ್ಲ. ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ಊರಿನವರು ತಲೆಮಾರುಗಳಿಂದ ಅವನ್ನು ನೋಡಿಕೊಂಡಿದ್ದಾರೆ. ಆದರೆ ಆ ಹಕ್ಕಿಗಳಿಗೆ ಆ ಊರಿನವರ ನಡೆ ಗೊತ್ತು. ಭಾನುವಾರ ಬಂದು ಚಪ್ಪಾಳೆ ತಟ್ಟಿ ಹಾರಿಸಿ ಫೋಟೋ ತೆಗೆಯುವ ಅಪರಿಚಿತರು ಬೇರೆ. ಬಿಸಿಲಲ್ಲಿ ತಾಯಿ ಹಕ್ಕಿ ರೆಕ್ಕೆ ಬಿಚ್ಚಿ ಮರಿಗೆ ನೆರಳು ಕೊಡುತ್ತಿರುತ್ತದೆ. ನಾವು ಹಾರಿಸಿದರೆ ಆ ಮರಿ ಬಿಸಿಲಿಗೆ ಬೇಯುತ್ತದೆ. ಕಾಗೆ ಅಷ್ಟು ಹೊತ್ತಿಗೇ ಕಾದಿರುತ್ತದೆ.

ಕಬಿನಿಯ ಕುರುವಾ ದ್ವೀಪ ಗೊತ್ತಲ್ಲ, ಕೇರಳದ ವಯನಾಡಿನಲ್ಲಿ ಇರುವುದು. ಸುಮಾರು 950 ಎಕರೆ. ನಮ್ಮ ತಿಟ್ಟುಗಳಿಗಿಂತ ಎಷ್ಟೋ ದೊಡ್ಡದು. ಅಲ್ಲೂ ಮಳೆಗಾಲದಲ್ಲಿ ಮುಚ್ಚುತ್ತಾರೆ, ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇಟ್ಟಿದ್ದಾರೆ. ಅಷ್ಟು ದೊಡ್ಡದಕ್ಕೇ ಮಿತಿ ಬೇಕಾದರೆ ರಂಗನತಿಟ್ಟಿಗೆ ಬೇಡವೇ?

---

ನಾಲೆಏರಿ ಬರೆದಿದ್ದಾರೆ:

ಸೇತುವೆಗೆ ಬರುತ್ತೇನೆ ಅಂದಿದ್ದೆ. ಹಕ್ಕಿಯ ಮಾತು ಒಂದು ಕಡೆ ಇರಲಿ, ಹೊಳೆಯ ಲೆಕ್ಕದಲ್ಲೂ ಅದು ಕೂಡಿಬರುವುದಿಲ್ಲ.

ರಂಗನತಿಟ್ಟು ಇರುವುದು ಕನ್ನಂಬಾಡಿ ಕಟ್ಟೆಯ ಕೆಳಗೆ, ಕೆಲವೇ ಕಿಲೋಮೀಟರ್ ದೂರದಲ್ಲಿ. ಆ ಕಟ್ಟೆಯ, ಅಂದರೆ ಕೆಆರ್‌ಎಸ್‌ನ ಕೆಲಸ ಶುರುವಾದದ್ದು 1911ರಲ್ಲಿ, ಮುಗಿದದ್ದು 1930ರ ದಶಕದ ಮೊದಲಲ್ಲಿ. ಅದರ ಪೂರ್ಣ ಮಟ್ಟ 124.80 ಅಡಿ. ಮಳೆಗಾಲದಲ್ಲಿ ಪತ್ರಿಕೆಯಲ್ಲಿ ದಿನಾ ಒಳಹರಿವು ಇಷ್ಟು, ಹೊರಹರಿವು ಇಷ್ಟು ಕ್ಯೂಸೆಕ್ ಅಂತ ಬರುತ್ತದಲ್ಲ. ಒಂದು ಕ್ಯೂಸೆಕ್ ಅಂದರೆ ಸೆಕೆಂಡಿಗೆ ಸುಮಾರು 28 ಲೀಟರ್. ಒಂದು ಲಕ್ಷ ಕ್ಯೂಸೆಕ್ ಬಿಟ್ಟರೆ ಪ್ರತಿ ಸೆಕೆಂಡಿಗೆ 28 ಲಕ್ಷ ಲೀಟರ್ ನೀರು ಆ ತಿಟ್ಟುಗಳ ಮೇಲೆ ನುಗ್ಗುತ್ತದೆ. ಅಷ್ಟು ಹೊರಹರಿವು ಕಂಡ ವರ್ಷಗಳಿವೆ. ಆಗ ತಿಟ್ಟುಗಳು ಬಹುಪಾಲು ಮುಳುಗಿ ಮರದ ತಲೆಗಳಷ್ಟೇ ಕಾಣುತ್ತವೆ. ದಿವಾನ್ ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಪಟ್ಟಣದಲ್ಲಿ ಕಟ್ಟಿದ ಕಲ್ಲಿನ ವೆಲ್ಲೆಸ್ಲಿ ಸೇತುವೆಯ ಮೇಲೂ ಓಡಾಟ ನಿಲ್ಲಿಸುತ್ತಾರೆ.

ಪ್ರವಾಹ ಇಳಿದ ಮೇಲೆ ನೋಡಿದರೆ ತಿಟ್ಟಿನ ಅಂಚು ಕೊಚ್ಚಿ ಹೋಗಿರುತ್ತದೆ, ಬೇರು ಬಯಲಾಗಿರುತ್ತದೆ. ಅರಣ್ಯ ಇಲಾಖೆಯವರು ಮರಳು ಮೂಟೆ ಜೋಡಿಸಿ ಅಂಚು ಕಟ್ಟುತ್ತಾರೆ. ಮಣ್ಣು ಅಷ್ಟು ಸಡಿಲ. ಅದರ ಮೇಲೆ ಕಂಬ, ಕಾಲುದಾರಿ, ಗುಡಿಸಲು ಅಂತ ಭಾರ ಹಾಕಿದರೆ ಅಂಚು ಇನ್ನೂ ಬೇಗ ಕುಸಿಯುತ್ತದೆ. ದಡದ ಬಾಗಿದ ಮರಗಳೇ ಆ ಮಣ್ಣನ್ನು ಹಿಡಿದಿವೆ. ಅವನ್ನು ದಾರಿಗಾಗಿ ಸವರಿದರೆ ಮುಂದಿನ ಪ್ರವಾಹಕ್ಕೆ ತಿಟ್ಟು ಅರ್ಧ ಆಗುತ್ತದೆ.

ಇನ್ನೊಂದು ಕಡೆ ಬೇಸಿಗೆಯ ಕಷ್ಟ. ರೀವ ಹಕ್ಕಿ (ಇಂಗ್ಲಿಷಿನಲ್ಲಿ ರಿವರ್ ಟರ್ನ್) ಮರದಲ್ಲಿ ಗೂಡು ಕಟ್ಟುವುದಿಲ್ಲ. ನೀರು ಇಳಿದಾಗ ಮೇಲೆ ಬರುವ ಬರಿ ಬಂಡೆ, ಮರಳಿನ ಮೇಲೆ ಮೊಟ್ಟೆ ಇಡುತ್ತದೆ. ಆ ದಿನಗಳಲ್ಲಿ ಮೇಲಿನಿಂದ ಇದ್ದಕ್ಕಿದ್ದಂತೆ ಜಾಸ್ತಿ ನೀರು ಬಿಟ್ಟರೆ ಮೊಟ್ಟೆ ತೇಲಿಹೋಗುತ್ತವೆ. ಬೆಳೆಗೆ ನೀರು ಬೇಕು, ಊರುಗಳಿಗೆ ಕುಡಿಯಲು ಬೇಕು, ಕೆಳಗಿನ ರಾಜ್ಯಕ್ಕೂ ಬಿಡಬೇಕು. ನಾನು ಇಲಾಖೆಯಲ್ಲಿ ಇದ್ದವನು, ಆ ಒತ್ತಡ ಗೊತ್ತು. ಆದರೂ ನೀರನ್ನು ಹಂತಹಂತವಾಗಿ ಏರಿಸುತ್ತಾ ಬಿಟ್ಟರೆ ಕೆಳಗೆ ಸ್ನಾನಕ್ಕೆ ಇಳಿದ ಮನುಷ್ಯರಿಗೂ ಒಳ್ಳೆಯದು, ಬಂಡೆ ಮೇಲಿನ ಮರಿಗಳಿಗೂ ಒಳ್ಳೆಯದು. ರಂಗನತಿಟ್ಟಿಗೆ ಏನಾದರೂ ಕೇಳುವುದಿದ್ದರೆ ನಾವೆಲ್ಲ ಸೇರಿ ಇದನ್ನು ಕೇಳಬೇಕು. ಹಕ್ಕಿ ಬಲ್ಲವರೂ ನೀರು ಬಿಡುವವರೂ ಬೇಸಿಗೆಗೆ ಮುಂಚೆ ಒಮ್ಮೆ ಕೂತು ಮಾತಾಡಲಿ.

---

ದುಡಿಮೆ ಬರೆದಿದ್ದಾರೆ:

ಸರ್, ಈ ವಿವರ ಯಾರೂ ಹೇಳಿರಲಿಲ್ಲ. ತಿಟ್ಟಿನ ಮೇಲೆ ಏನೂ ಬೇಡ, ದಡದಲ್ಲಿ ಎಲ್ಲರಿಗೂ ಅನುಕೂಲ ಬೇಕು. ಇದಕ್ಕೆ ನಾನೂ ಒಪ್ಪುತ್ತೇನೆ. ಒಂದು ಮನವಿ ಬರೆಯೋಣ. ವಯಸ್ಸಾದವರ ಮತ್ತು ನಡೆಯಲಾರದವರ ಅನುಕೂಲದ ಭಾಗ ನಾನು ಬರೆದು ಇಲ್ಲಿ ಹಾಕುತ್ತೇನೆ. ನೀರಿನ ಭಾಗ ನೀವು ನೋಡಿಕೊಳ್ಳಿ.

---

ಹಾರಂಗಿ ಕಡೆಯವ ಬರೆದಿದ್ದಾರೆ:

ನಮ್ಮ ನಿಸರ್ಗಧಾಮದ್ದನ್ನೂ ಸೇರಿಸಿ. ಅದು ಮೋಜಿಗೆ ಅಂತಲೇ ಆದ ಜಾಗ ನಿಜ, ಆದರೆ ಹೊಸ ಹೊಸ ಆಕರ್ಷಣೆ ತುಂಬುತ್ತಾ ಹೋದರೆ ಬಿದಿರಿಗೇ ಜಾಗ ಉಳಿಯುವುದಿಲ್ಲ. ಜನ ಬರುವುದು ಆ ನೆರಳಿಗೆ. ಚಿಪ್ಸ್ ಪೊಟ್ಟಣ, ನೀರಿನ ಬಾಟಲಿ ಹೊಳೆಗೆ ಬಿದ್ದರೆ ಅದು ಕೂಡಿಗೆ ದಾಟಿ ಕನ್ನಂಬಾಡಿವರೆಗೂ ಹೋಗುತ್ತದೆ. ಜಿಂಕೆಗಳಿಗೆ ನಾವು ತಿನ್ನುವುದನ್ನು ಹಾಕುವುದೂ ನಿಲ್ಲಬೇಕು. ಪ್ರೀತಿಯಿಂದಲೇ ಹಾಕುತ್ತಾರೆ, ಆದರೆ ಪ್ಲಾಸ್ಟಿಕ್ ಸಮೇತ ತಿಂದ ಜಿಂಕೆಯ ಹೊಟ್ಟೆ ಕಟ್ಟಿಕೊಂಡರೆ ಅದು ಬದುಕುವುದಿಲ್ಲ.

---

ಹೊಸಹಾದಿ ಬರೆದಿದ್ದಾರೆ:

ಸೇತುವೆಯ ಆಸೆ ಬಿಟ್ಟೆ. ಎಲ್ಲರಿಗೂ ವಂದನೆಗಳು. ಮನವಿಗೆ ನನ್ನ ಸಹಿಯೂ ಇರಲಿ.

ಈಗ ಇನ್ನೊಮ್ಮೆ ಸರಿಯಾಗಿ ಹೋಗಬೇಕು ಅಂತಿದ್ದೇವೆ. ಯಾವ ತಿಂಗಳು ಒಳ್ಳೆಯದು? ಅತ್ತೆ ಮಾವ, ಇಬ್ಬರು ಮಕ್ಕಳು ಜೊತೆಗೆ. ದುರ್ಬೀನು ಕೊಳ್ಳುವುದಾದರೆ ಎಂಥದ್ದು? ಅಂಗಡಿಯಲ್ಲಿ ಶಕ್ತಿ ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುತ್ತಾರೆ.

---

ಪಟ್ಟಣದವಳು ಬರೆದಿದ್ದಾರೆ:

ಬೆಳಗ್ಗೆ ಮೊದಲ ದೋಣಿಗೇ ಬನ್ನಿ. ಜನ ಕಡಿಮೆ, ಬಿಸಿಲೂ ಕಡಿಮೆ, ಅತ್ತೆ ಮಾವನವರಿಗೆ ಸುಖ. ವಾರದ ನಡುವೆ ಆದರೆ ಇನ್ನೂ ಒಳ್ಳೆಯದು. ಮಕ್ಕಳಿಗೆ ಲೈಫ್ ಜಾಕೆಟ್ ಸರಿಯಾಗಿ ಕಟ್ಟಿಸಿ. ದೋಣಿಯಲ್ಲಿ ಯಾರೂ ಎದ್ದು ನಿಲ್ಲಬಾರದು, ನೀರಿಗೆ ಕೈ ಬಿಡಬಾರದು. ಮೊಸಳೆ ಇರುವ ನೀರು ಅದು. ಆಮೇಲೆ ಬಿಸಿಲೇರುವ ಹೊತ್ತಿಗೆ ದರಿಯಾ ದೌಲತ್ ತೋಟಕ್ಕೆ ಬನ್ನಿ. ಹಿರಿಯರು ಮರದ ಕೆಳಗೆ ಕೂರಲಿ, ಮಕ್ಕಳು ಓಡಲಿ. ಸಂಜೆ ಮುಂದೆ ಸಂಗಮ ನೋಡಿ, ದಡದಲ್ಲಿ ನಿಂತು.

---

ಹಕ್ಕಿಗಣ್ಣು ಬರೆದಿದ್ದಾರೆ:

ತಿಂಗಳು ಹೇಳುವುದಾದರೆ, ಗೂಡು ಮರಿ ನೋಡಬೇಕಾದರೆ ಫೆಬ್ರವರಿಯಿಂದ ಏಪ್ರಿಲ್. ಬಣ್ಣದ ಕೊಕ್ಕರೆ, ಚಮಚದ ಕೊಕ್ಕಿನ ಹಕ್ಕಿಗಳ ಗದ್ದಲ ಆಗ ಜೋರು. ಪ್ರತಿ ಜಾತಿಗೂ ಅದರದೇ ಕಾಲ ಇರುವುದರಿಂದ ಬೇರೆ ತಿಂಗಳಲ್ಲೂ ಖಾಲಿ ಕೈಯಲ್ಲಿ ಬರುವುದಿಲ್ಲ. ಚಳಿಗಾಲದಲ್ಲಿ ವಲಸೆ ಹಕ್ಕಿಗಳೂ ಸಿಗುತ್ತವೆ. ಜುಲೈ, ಆಗಸ್ಟ್‌ನಲ್ಲಿ ಹೊರಡುವ ಮುಂಚೆ ಕೆಆರ್‌ಎಸ್ ಹೊರಹರಿವು ನೋಡಿಕೊಳ್ಳಿ. ಹೊಳೆ ತುಂಬಿದ್ದರೆ ದೋಣಿ ಬಿಡುವುದಿಲ್ಲ, ಬಿಡಲೂಬಾರದು.

ಕೊಕ್ಕರೆಗಳನ್ನಷ್ಟೇ ನೋಡಿ ಬರಬೇಡಿ. ಬಂಡೆಗಳ ಅಡಿಯಲ್ಲಿ ಕವಲುತೋಕೆ ಹಕ್ಕಿಗಳು ಹಸಿಮಣ್ಣು ತಂದು ಅಂಟಿಸಿದ ಗೂಡುಗಳ ಸಾಲು ಇರುತ್ತದೆ, ದೋಣಿಯವರನ್ನು ಕೇಳಿದರೆ ತೋರಿಸುತ್ತಾರೆ. ಮರಗಳಲ್ಲಿ ಬಾವಲಿಗಳು ನೇತಾಡುತ್ತಿರುತ್ತವೆ. ಅದೃಷ್ಟ ಇದ್ದರೆ ನೀರುನಾಯಿಗಳ ಗುಂಪೂ ಕಾಣಬಹುದು.

ದುರ್ಬೀನು 8x42 ತೆಗೆದುಕೊಳ್ಳಿ. ಮೊದಲ ಅಂಕಿ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅನ್ನುವುದು. ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರ್‌ನಲ್ಲಿ. ಹತ್ತು ಹನ್ನೆರಡು ಪಟ್ಟಿನದು ತಂದರೆ ದೋಣಿ ಅಲುಗಾಡುವಾಗ ಚಿತ್ರವೂ ಅಷ್ಟೇ ಅಲುಗಾಡಿ ಏನೂ ನಿಲ್ಲುವುದಿಲ್ಲ. ಚಿಕ್ಕವನ ಕೈಗೆ ಅದು ಭಾರ ಆದರೆ 8x30 ಸಾಕು. ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಂಡ ಮೇಲೆಯೇ ದೋಣಿ ಹತ್ತಲಿ. ಮನೆಯಲ್ಲೇ ಎರಡು ದಿನ ಪಾರಿವಾಳ ನೋಡಿ ಅಭ್ಯಾಸ ಮಾಡಿಸಿ.